ಫಕ್ರುದ್ದೀನನ ಕೈ ಬಿಸಿನೀರಿಗೆ

ಬೆಳಗಿನ ನಮಾಜು ಮುಗಿದ ಮೇಲೆ ಗುಲ್ಜಾರ್ ಬೀ ಕೈಯೆತ್ತಿ ಮೂರು ಮಾತು ಬೇಡಿಕೊಳ್ಳುತ್ತಿದ್ದಳು. ತೀರಿಕೊಂಡ ಗಂಡನ ಗೋರಿ ತಂಪಾಗಿರಲಿ. ಮಗಳು ಮುನ್ನೀ ಸುಖವಾಗಿರಲಿ. ಫಕ್ರುದ್ದೀನನ ಕೈ ಒಂದು ದಿನ ಬಿಸಿನೀರಿನಲ್ಲಿ ಮುಳುಗಲಿ. ಜ್ವರ ಬಂದ ದಿನವೂ ಹಬ್ಬದ ದಿನವೂ ಇದನ್ನು ಬಿಟ್ಟವಳಲ್ಲ. ಮೊದಲಿನ ಎರಡನ್ನು ಕೆಲವೊಮ್ಮೆ ಅವಸರದಲ್ಲಿ ಹೇಳಿ ಮುಗಿಸುತ್ತಿದ್ದಳು. ಮೂರನೆಯದನ್ನು ಮಾತ್ರ, ದೇವರು ಬೇರೆ ಯಾರೋ ಫಕ್ರುದ್ದೀನ ಎಂದುಕೊಳ್ಳಬಾರದೆಂದು, ತಂದೆಯ ಹೆಸರು, ಬೀದಿ ಎಲ್ಲ ಸೇರಿಸಿ ನಿಧಾನವಾಗಿ ಹೇಳುತ್ತಿದ್ದಳು.

ಈ ಫಕ್ರುದ್ದೀನ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡು ನಡೆಸುತ್ತಿದ್ದವನು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನೂಲಿಗೆ ಎಲ್ಲಿಲ್ಲದ ಗಿರಾಕಿ. ಬೆಂದ ಗೂಡುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ತೇಲಬಿಟ್ಟು, ಕಣ್ಣಿಗೆ ಸುಲಭಕ್ಕೆ ಕಾಣದ ಎಳೆಯ ತುದಿ ಹುಡುಕಿ ರಾಟೆಗೆ ಕೊಡುವುದು ಹೆಂಗಸರ ಕೆಲಸ. ಗುಲ್ಜಾರಳ ಬೆರಳಿಗೆ ತುದಿ ತಾನಾಗಿ ಬಂದು ಅಂಟುತ್ತದೆ ಎನ್ನುತ್ತಿದ್ದರು. ಆ ಹೊಗಳಿಕೆಯೇ ಅವಳಿಗೆ ಮುಳುವಾಯಿತು. ಒಬ್ಬ ಹೆಂಗಸು ಬಾಣಂತನಕ್ಕೆ ಹೋದಾಗ, "ಒಸಿ ದಿನ ಅವಳ ತೊಟ್ಟೀನೂ ನೋಡ್ಕೊ" ಎಂದ ಫಕ್ರುದ್ದೀನ. ಆಕೆ ಕೂಸನ್ನು ಎತ್ತಿಕೊಂಡು ಮರಳಿ ಬಂದಾಗ ಕೆಲಸವಿಲ್ಲವೆಂದು ಕಳಿಸಿದ. ಎರಡು ತೊಟ್ಟಿಯೂ ಗುಲ್ಜಾರಳ ಪಾಲಿಗೇ ಉಳಿದವು.

ಮೊದಲು ಬಾಯಿರುಚಿ ಹೋಯಿತು. ಆಮೇಲೆ ಸಿಟ್ಟು ಬಂತು. ತಲೆ ಬಾಚಿಕೊಡು ಎಂದ ಮುನ್ನೀಯ ಮೇಲೆ ಬಾಚಣಿಗೆ ಎಸೆದಳು. ಕೊನೆಗೆ ಸಿಟ್ಟೂ ಹೋಯಿತು. ಸ್ವಂತ ಅಕ್ಕ ತೀರಿಕೊಂಡ ದಿನ, ಮಯ್ಯತ್ತಿನ ಮುಂದೆ ಕೂತು, ತೊಟ್ಟಿಯ ನೀರು ಆರಿಹೋಗಿರಬಹುದೇ ಎಂದು ಯೋಚಿಸಿದಳು. ಕಣ್ಣಲ್ಲಿ ಹನಿ ನೀರಿಲ್ಲ. ದೇವರ ಮೇಲಿನ ತನ್ನ ಈಮಾನು ಸಡಿಲವಾಗಿದೆ ಎಂದೇ ಅವಳು ತಿಳಿದದ್ದು. ಅದಕ್ಕೆ ಇರುವ ಅಷ್ಟಿಷ್ಟು ನಿದ್ದೆಯನ್ನೂ ಬಿಟ್ಟು ನಮಾಜು ಹೆಚ್ಚಿಸಿದಳು.

ಒಂದು ದಿನ ಗೂಡು ಬೇಯಲು ಹಾಕಿದವಳು ಹಂಡೆಯ ಮುಂದೆಯೇ ನಿಂತು, ತೆಗೆಯುವುದನ್ನು ಮರೆತಳು. ಕಣ್ಣು ತೆರೆದೇ ಇತ್ತು. ಗೂಡುಗಳು ಮಿತಿಮೀರಿ ಬೆಂದು ಅಂಟುಮುದ್ದೆಯಾದವು. ಫಕ್ರುದ್ದೀನ ಆ ಮುದ್ದೆಯನ್ನು ಎಲ್ಲರ ನಡುವೆ ತಂದು ಸುರಿದ.

"ನೋಡ್ರಿ, ಎಲ್ಲಾ ನೋಡ್ರಿ. ಇದರೊಳಗೆ ಸತ್ತಿರೋ ಹುಳಕ್ಕಿರೋ ಚುರುಕೂ ಇವಳಿಗಿಲ್ಲ. ಸೋಮಾರಿತನ ಮೈಗೆ ಹತ್ತೈತೆ."

"ಆಗ್ತಿಲ್ಲ ಭಾಯ್. ಒಸಿ ದಿನ ನೀರಿಂದ ಕೈ ಮೇಲಿಡ್ತೀನಿ."

"ಪೂರಾ ಮೇಲಿಟ್ಕೊ ಹೋಗು. ಭಿಕ್ಷೆ ಬೇಡಕ್ಕೂ ಕೈ ಬೇಕಲ್ಲ."

ಯಾರೂ ತಲೆ ಎತ್ತಲಿಲ್ಲ. ಪಕ್ಕದ ತೊಟ್ಟಿಯ ದಾಸಮ್ಮ ಮಾತ್ರ ಕೈ ಒರೆಸಿಕೊಂಡು ಎದ್ದು ಬಾಗಿಲವರೆಗೆ ಬಂದಳು. "ಬೂಬಮ್ಮ, ನೀನು ಸೋಮಾರಿ ಆಗಿಲ್ಲ ಕಣವ್ವ. ಆ ಗೂಡಿನಂಗೇ ಜಾಸ್ತಿ ಬೆಂದೋಗಿದ್ದೀಯೆ. ಮುನ್ನೀನ ಕರ್ಕಂಡು ನಡಿ ನಮ್ಮೂರ್ಗೆ."

ದಾಸಮ್ಮನ ಊರು ಮರಳವಾಡಿ. ಅಲ್ಲಿ ಅವಳ ಗಂಡ ಗಂಗಯ್ಯ ಕುರಿ ಮೇಯಿಸುತ್ತಿದ್ದ. ಗುಲ್ಜಾರ್ ಬೀ ಮೊದಮೊದಲು ಬರೀ ಮಲಗಿದಳು. ಆಮೇಲೆ ಗಂಗಯ್ಯನ ಹಿಂದೆ ಹೊಲಕ್ಕೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತುಬಿಡುತ್ತಿದ್ದವು. ಹೊಡೆದರೂ ಕದಲುತ್ತಿರಲಿಲ್ಲ.

"ಈಗ ಇವನ್ನ ಓಡ್ಸು ನೋಡಾನ. ನಿನ್ನ ಫಕ್ರುದ್ದೀನನೇ ಬಂದ್ರೂ ಆಗಾಕಿಲ್ಲ," ಎಂದು ಗಂಗಯ್ಯ ನಕ್ಕ. "ಕುರಿಗಿರೋ ಬುದ್ಧಿ ನಿಮಗಿಲ್ವಲ್ಲ ಬೂಬಮ್ಮ."

ಅವಳಿಗೂ ನಗು ಬಂತು. ನಗು ಹಾಗೇ ಅಳುವಾಯಿತು. ಅಕ್ಕನಿಗಾಗಿ ಅಳದೇ ಉಳಿದದ್ದನ್ನೆಲ್ಲ ಆ ಕುರಿಮಂದೆಯ ಹಿಂದೆ ಕೂತು ಅತ್ತಳು. ಅಂದು ಮುದ್ದೆಯೂ ಉಪ್ಪೆಸರೂ ನಾಲಗೆಗೆ ಹತ್ತಿದವು. ರುಚಿಯ ಹಿಂದೆಯೇ ದ್ವೇಷವೂ ಬಂತು, ಹಸಿವಿನಷ್ಟೇ ಗಟ್ಟಿಯಾಗಿ. ಮಾರನೆಯ ಬೆಳಗಿನಿಂದ ಮೂರನೆಯ ಮಾತು ಪ್ರಾರ್ಥನೆಗೆ ಸೇರಿತು.

ಭಾನುವಾರ ಶೆಡ್ಡಿನ ರಜೆಗೆ ಊರಿಗೆ ಬಂದ ದಾಸಮ್ಮನನ್ನು ಕೇಳಿದಳು, "ಅವನ ತೊಟ್ಟಿಗೆಲ್ಲ ಸೀಗೆಪುಡಿ ಸುರಿದುಬುಟ್ರೆ?"

"ನೂಲು ಕೆಟ್ರೆ ಬೈಸ್ಕಳೋಳು ಈಗ ನಿನ್ನ ಜಾಗದಾಗೆ ಕುಂತಿರೋ ಸಾಬಿರಾ ಕಣೆ. ಅವನ ಕೈ ಎಲ್ಲಿ ನೀರಾಗೈತೆ?"

ಗುಲ್ಜಾರ್ ಬೀ ಆ ಮಾತನ್ನು ಬಿಡದೆ ಹಿಡಿದಳು. ಮೈ ಗಟ್ಟಿಯಾದ ಮೇಲೆ ರಾಮನಗರಕ್ಕೆ ಮರಳಿ, ಫಕ್ರುದ್ದೀನನ ಎದುರು ಬಾಗಿಲಿನ ಖಲಂದರನ ಶೆಡ್ಡಿಗೆ ಹೋದಳು. ಅವಳ ಬೆರಳನ್ನು ಬಲ್ಲ ಖಲಂದರ್ ಕೂಡಲೇ ಒಪ್ಪಿದ. ಅವಳು ಷರತ್ತು ಹಾಕಿದಳು: ಒಬ್ಬಳಿಗೆ ಒಂದೇ ತೊಟ್ಟಿ, ಮಧ್ಯಾಹ್ನದ ಆಜಾನ್ ಆದ ಮೇಲೆ ಬಿಸಿಲು ಇಳಿಯುವವರೆಗೆ ಯಾರ ಕೈಯೂ ನೀರಿನಲ್ಲಿರಬಾರದು. ಖಲಂದರ್ ಗೊಣಗಿದ. ಅವಳು ಚಪ್ಪಲಿ ಮೆಟ್ಟಿಕೊಂಡಳು. ಖಲಂದರ್ ಹೂಂ ಎಂದ.

ಕೈ ಆರಿಸಿಕೊಳ್ಳಲು ಒಳಗೆ ಜಾಗವಿತ್ತು. ಗುಲ್ಜಾರ್ ಬೀ ಬೇಕೆಂದೇ ಹೆಂಗಸರನ್ನು ಜಗಲಿಗೆ ಕರೆತಂದು, ಫಕ್ರುದ್ದೀನನ ಬಾಗಿಲಿಗೆ ಎದುರಾಗಿ ಕೂರಿಸಿದಳು. ನಮಾಜು ಮುಗಿಸಿ ಬಂದು, ಚಹಾ ಕುಡಿದು, ಹತ್ತೂ ಬೆರಳು ಅಗಲಿಸಿ ಬಿಸಿಲಿಗೆ ಹಿಡಿಯುವಳು. ಅದನ್ನು ಒಳಗಿನಿಂದ ಸಾಬಿರಾ ನೋಡಿದಳು. ಮೊದಲು ಬೀದಿ ದಾಟಿ ಖಲಂದರನ ಕೆಲಸಕ್ಕೆ ಬಂದವಳು ಅವಳೇ. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಕೊನೆಗೆ ದಾಸಮ್ಮ ಬಂದು, "ಒಲೆ ಆರ್ಸಿ ಬಂದ್ಬುಟ್ಟೆ ಕಣೆ," ಎಂದಳು.

ಅಷ್ಟರಲ್ಲಿ ಫಕ್ರುದ್ದೀನ ಗೂಡು ಕೊಂಡು ರಾಶಿ ಹಾಕಿಬಿಟ್ಟಿದ್ದ. ಗೂಡು ಕಾಯುವುದಿಲ್ಲ, ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಕೊರೆದು ಹೊರಬರುತ್ತದೆ, ಎಳೆಯೆಲ್ಲ ತುಂಡು. ಎದುರಿನ ಶೆಡ್ಡಿನಲ್ಲಿ ಒಂದೇ ಒಂದು ರಾಟೆಯ ಸದ್ದು ಕೇಳಿಸಿದ ದಿನ ಗುಲ್ಜಾರ್ ಬೀ ಜಗಲಿಯಿಂದಿಳಿದು ಬೀದಿ ದಾಟಿದಳು.

ತೊಟ್ಟಿಯ ಮುಂದೆ ಫಕ್ರುದ್ದೀನ ಕೂತಿದ್ದ. ಕೈ ಮಣಿಕಟ್ಟಿನವರೆಗೆ ನೀರಿನಲ್ಲಿತ್ತು. ಬೆರಳು ಕೆಂಪಾಗಿ, ತುದಿಯ ಚರ್ಮ ಸುಲಿದಿತ್ತು.

"ಗುಲ್ಜಾರ್ ಆಪಾ," ಎಂದ. ಅವಳನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು. "ಬಾ, ಒಳಗೆ ಬಾ. ಆವತ್ತಿಂದು ಮನಸ್ನಾಗಿಟ್ಕೋಬೇಡ. ನೀನು ನೀರು ಮುಟ್ಟೋದೇ ಬೇಡ. ಕುರ್ಚಿ ಹಾಕಿಸ್ತೀನಿ, ಕೂತ್ಕಂಡು ಮೇಲ್ವಿಚಾರಣೆ ಮಾಡು ಸಾಕು."

ಅವಳು ಅವನ ಮುಖ ನೋಡಲಿಲ್ಲ. ಅವನ ಬೆರಳು ತುದಿ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಅದು ಎಲ್ಲಿದೆಯೆಂದು ಬಾಗಿಲಲ್ಲಿ ನಿಂತ ಅವಳಿಗೆ ಕಾಣುತ್ತಿತ್ತು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು.

"ಕುರ್ಚಿ ಬೇಡ ಭಾಯ್. ಇಲ್ಲಿಂದ ಚೆನ್ನಾಗಿ ಕಾಣ್ತೈತೆ. ನೀನು ಕೈ ತೆಗೀಬೇಡ, ನೀರು ಆರೋಯ್ತದೆ."