ನಾಲ್ಕೂವರೆ ಇಂಚಿನ ಜೇಡ

ಕಚ್ಚಬಹುದಿತ್ತು. ಕಚ್ಚದಿದ್ದರೂ ಮೈಮೇಲೆ ಉಚ್ಚೆ ಹಾರಿಸಿ ಗುಳ್ಳೆ ಏಳಿಸಬಹುದಿತ್ತು. ನಮ್ಮಜ್ಜಿಯ ಪ್ರಕಾರ ಜೇಡಗಳಿಗೆ ಬೇರೆ ಕೆಲಸವೇ ಇಲ್ಲ. ನಾನು ಸ್ಟೂಲಿನಿಂದ ಬಿದ್ದು ಸೊಂಟ ಮುರಿದುಕೊಳ್ಳಬಹುದಿತ್ತು. ಅದು ಮಂಚದಡಿ ಸೇರಿ ಮರಿ ಮಾಡಿ, ಮರಿಗಳು ಬೀರು, ಮಿಕ್ಸಿ, ನನ್ನ ಚಪ್ಪಲಿ ಹಂಚಿಕೊಂಡು ಸಂಸಾರ ಹೂಡಬಹುದಿತ್ತು. ಇಷ್ಟೂ ನನಗೆ ಹೊಳೆದದ್ದು ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಸೆಲ್ ಬದಲಿಸಲೆಂದು ಗೋಡೆ ಗಡಿಯಾರ ಇಳಿಸಿದ ಒಂದೇ ಕ್ಷಣದಲ್ಲಿ. ಗಡಿಯಾರದ ಹಿಂದೆ ಅಂಗೈಯಗಲದ ಕಂದು ಜೇಡ. ಹೊಟ್ಟೆಯಡಿ ಬಿಳಿ, ಚಪ್ಪಟೆ, ದುಂಡನೆಯದೇನನ್ನೋ ಅವಚಿಕೊಂಡಿತ್ತು. ಟೈಲರುಗಳು ಬಟ್ಟೆಯ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದ ಬಿಲ್ಲೆಯ ಹಾಗೆ...

ಆ ಬಿಲ್ಲೆ ಕಂಡದ್ದೇ ಟೈಲರ್ ಚಾಚಾ ನೆನಪಾದರು.

ಆಗ ನಾವು ಲಿಂಗರಾಜಪುರದಲ್ಲಿ, ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ರಸ್ತೆಗೆ ಮುಖ ಮಾಡಿ ಚಾಚಾ ಅಂಗಡಿ: ಎರಡು ಮಿಷನ್ನು, ಸೂರಿನವರೆಗೂ ಬಟ್ಟೆಯ ಗಂಟು, ಇಸ್ತ್ರಿಯ ಬಿಸಿ ವಾಸನೆ. ಅವರದೊಂದು ಪದ್ಧತಿಯಿತ್ತು. ಕಣ್ಣು ಮಂಜಾಗಿದ್ದರಿಂದ ಅಳತೆ ಕೂಗುವುದಷ್ಟೇ ಅವರ ಕೆಲಸ. ಪುಸ್ತಕದಲ್ಲಿ ಬರೆದುಕೊಳ್ಳಬೇಕಾದವರು ಬಟ್ಟೆ ಕೊಟ್ಟವರೇ. ತಮ್ಮ ಸೊಂಟದ ಅಳತೆಯನ್ನು ತಾವೇ ಸುಳ್ಳು ಬರೆದು, ಆಮೇಲೆ ಬ್ಲೌಸು ಬಿಗಿ ಅಂತ ಜಗಳಕ್ಕೆ ಬಂದವರಲ್ಲಿ ನಾನೂ ಒಬ್ಬಳು. ಚಾಚಾ ನಕ್ಕು ಹೊಲಿಗೆ ಬಿಚ್ಚಿಕೊಡುತ್ತಿದ್ದರು. ನನ್ನನ್ನು ಬೇಟಿ ಅನ್ನುತ್ತಿದ್ದರು. ನಲವತ್ತರ ಹತ್ತಿರ ಬಂದವಳನ್ನು ಮಗಳೇ ಎಂದು ಕರೆಯಲು ಅಷ್ಟು ಹೊತ್ತಿಗೆ ಅವರೊಬ್ಬರೇ ಉಳಿದಿದ್ದರು.

ಒಂದು ಮಧ್ಯಾಹ್ನ ಬಚ್ಚಲ ಬಾಗಿಲ ಹಿಂದೆ ಇಂಥದೇ ಜೇಡ ಕಂಡು ನಾನು ಕಿರುಚಿದ್ದು ಕೆಳಗಿನ ಮಿಷನ್ನಿನ ಸದ್ದನ್ನೂ ಮೀರಿ ಕೇಳಿಸಿತಂತೆ. ಚಾಚಾ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಮೆಟ್ಟಿಲೇರಿ ಬಂದರು. ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ, ದೇವರಾಣೆ, ಟೇಪನ್ನು ಅದರ ಪಕ್ಕ ಹಿಡಿದು ಕೂಗಿದರು:

“ಕಾಲಿಂದ ಕಾಲಿಗೆ ನಾಲ್ಕೂವರೆ. ಬರ್ಕೋ ಬೇಟಿ.”

ನಾನು ಅಭ್ಯಾಸಬಲದಿಂದ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡೆ!

“ಮೈ ನೋಡು, ಚಪ್ಪಟೆ. ಕಾಲು ಏಡಿ ಥರ ಪಕ್ಕಕ್ಕೆ ಚಾಚಿದೆ. ಸುತ್ತ ಎಲ್ಲಾದ್ರೂ ಬಲೆ ಇದ್ಯಾ? ಇಲ್ಲ. ಇದು ಬಲೆ ಕಟ್ಟೋ ಜಾತಿ ಅಲ್ಲ, ಓಡಿಹೋಗಿ ಜಿರಳೆ ಹಿಡಿಯುತ್ತೆ. ಆ ಬಿಳೀದು ಮೊಟ್ಟೆ ಚೀಲ. ಬಸುರಿ ಪಾಪ, ಬಿಟ್ಬಿಡು.”

“ಕಚ್ಚಲ್ವಾ ಚಾಚಾ?”

“ಹೊಸಕಿದ್ರೆ ಕಚ್ಚುತ್ತೆ. ನಿನ್ನನ್ನ ಹೊಸಕಿದ್ರೆ ನೀನು ಸುಮ್ನಿರ್ತೀಯಾ?”

ಬೇರೆಯವರಾಗಿದ್ದರೆ ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ನನಗೆ ಅನುಮಾನ ಹತ್ತಿತು. ಟೈಲರಿಗೆ ಜೇಡದ ವಿಷಯ ಇಷ್ಟೊಂದು ಹೇಗೆ ಗೊತ್ತು? ಅದರ ಪರವಾಗಿ ಅಷ್ಟು ವಕಾಲತ್ತು ಯಾಕೆ? ಫೋನಿನಲ್ಲಿ ಹುಡುಕಿದೆ. ಕಚ್ಚಿದ ಜಾಗವೆಲ್ಲ ಕೊಳೆತುಹೋಗುವ ಯಾವುದೋ ಪರದೇಶದ ಜೇಡದ ಚಿತ್ರ ಸಿಕ್ಕಿತು. ನಮ್ಮದರ ಹಾಗೇನೂ ಇರಲಿಲ್ಲ. ಆದರೆ ಸ್ವಲ್ಪ ಓರೆಯಾಗಿ ನೋಡಿದರೆ ಇತ್ತು. ನಾನು ಓರೆಯಾಗಿಯೇ ನೋಡಿದೆ.

ಮರುದಿನ ಹೊಸ ಬ್ಲೌಸು ಹೊಲಿಯಲು ಕೊಡುವ ನೆಪದಲ್ಲಿ ಪತ್ತೇದಾರಿಕೆಗೆ ಇಳಿದೆ. “ಹೇಗಿದ್ದಾಳೆ ನಿನ್ನ ಬಸುರಿ?” ಅಂದರು ಚಾಚಾ. ನನ್ನ ಕಣ್ಣು ಗಂಟುಗಳ ಮೇಲಿತ್ತು. ಒಂದು ಗಂಟಿನ ಸಂದಿಯಲ್ಲಿ ಒಣಗಿದ ಜೇಡದ ಪೊರೆ, ಎಂಟು ಕಾಲು ಸಮೇತ! ಸಿಕ್ಕಿತಲ್ಲ ಸಾಕ್ಷಿ. ಎಲ್ಲೆಲ್ಲಿಂದಲೋ ಬರುವ ಬಟ್ಟೆ, ಅದರ ಜೊತೆ ಎಲ್ಲೆಲ್ಲಿಯದೋ ಜೇಡ.

ಮೇಲೆ ಬಂದು ಮನೆ ಓನರಿಗೆ ಫೋನ್ ಮಾಡಿ ಅಳತೆ ಸಮೇತ ವರದಿ ಒಪ್ಪಿಸಿದೆ. ನನ್ನ ಹೆಸರು ಮಾತ್ರ ಹೇಳಬೇಡಿ ಅಂದೆ. ಓನರು ಅಲ್ಲಿಯ ಹಳಬರು, ಬೀದಿಯ ಅರ್ಧ ಕಟ್ಟಡ ಅವರದೇ. “ಹೌದಾ? ಸರಿ ಬಿಡಿ, ಹೆಂಗೂ ಮುಂದಿನ ತಿಂಗ್ಳು ಅವ್ರ ಅಗ್ರಿಮೆಂಟ್ ಮುಗಿಯುತ್ತೆ. ಖಾಲಿ ಮಾಡಿಸಿದ್ರಾಯ್ತು,” ಅಂದರು. ಅಷ್ಟಕ್ಕೆಲ್ಲ ಯಾಕೆ ಸಾರ್ ಅನ್ನಬೇಕಿತ್ತು... ಅನ್ನಲಿಲ್ಲ.

ಸಂಜೆ ಓನರು ಅಂಗಡಿಗೆ ಬಂದಾಗ ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿಸಿಕೊಂಡೆ.

“ಏನ್ರೀ ಸಾಬ್ರೇ, ಅಂಗಡೀಲಿ ಜೇಡ ಸಾಕಿದ್ದೀರಂತೆ? ನಾಲ್ಕೂವರೆ ಇಂಚಂತೆ!”

ಮಿಷನ್ ನಿಂತಿತು. ಆ ಅಳತೆ ಕೂಗಿದ್ದು ಒಬ್ಬರು, ಬರೆದುಕೊಂಡದ್ದು ಒಬ್ಬಳು. ಮೂರನೆಯವರಿಗೆ ಅದು ಗೊತ್ತಿರುವ ದಾರಿಯೇ ಇರಲಿಲ್ಲ. ಚಾಚಾ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದರು. ನಾನು ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡೆ.

“ಹೌದು ಸಾರ್,” ಅಂದರು. “ನಾಲ್ಕೂವರೆ. ಅಳತೆ ತೆಗೆದಿದ್ದು ನಾನೇ.” ಅಷ್ಟೇ. ಎಲ್ಲಿ, ಯಾರ ಮನೆಯಲ್ಲಿ ಅಂತ ಹೇಳಲೇ ಇಲ್ಲ.

ಔಷಧಿ ಹೊಡೆಯುವವರು ಬಂದು ಕೆಳಗೆ ಅಂಗಡಿಗೂ ಮೇಲೆ ನಮ್ಮ ಮನೆಗೂ ಹೊಡೆದರು. ರಂಜಾನಿನ ಹೊಲಿಗೆ ಮೈಮೇಲಿರುವಾಗ ಅಂಗಡಿ ಎರಡು ದಿನ ಮುಚ್ಚಿತು. ಗಂಟುಗಳೆಲ್ಲ ಫುಟ್‌ಪಾತಿನ ಧೂಳಿನಲ್ಲಿ ಕೂತವು. ನಮ್ಮ ಬಚ್ಚಲಲ್ಲಿ ಆ ಜೇಡ ಕಾಲು ಮಡಚಿಕೊಂಡು ಅಂಗಾತ ಬಿದ್ದಿತ್ತು. ಬಿಳಿ ಬಿಲ್ಲೆಯನ್ನು ಆಗಲೂ ಬಿಟ್ಟಿರಲಿಲ್ಲ. ಬಿಲ್ಲೆ ಜಾರದ ಹಾಗೆ ಮೊರದಲ್ಲಿ ಎತ್ತಿ ಹೊರಗೆ ಹಾಕಿ ಬಂದೆ.

ಆಮೇಲೆ ನಾವು ಮನೆ ಬದಲಿಸಿದೆವು. ಹೋದ ವರ್ಷ ಆ ಕಡೆ ಹೋದಾಗ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಚಾಚಾ ತೀರಿಹೋಗಿ ಎರಡು ವರ್ಷವಾಯಿತು ಅಂದರು ಪಕ್ಕದ ಬೇಕರಿಯವರು. ಕ್ಷಮಿಸಿ ಅನ್ನುವ ಒಂದು ಮಾತನ್ನು ನಾನು ನಾಳೆ, ನಾಳಿದ್ದು ಅಂತ ಮುಂದಕ್ಕೆ ಹಾಕುತ್ತಲೇ ಇದ್ದೆ...

ಈಗ ನಮ್ಮ ಗಡಿಯಾರ ಮೇಜಿನ ಮೇಲೆ ಮಲಗಿ ವಾರವಾಯಿತು. ಮೊಳೆ ಸಡಿಲವಾಗಿದೆ ಅಂತ ಮನೆಯವರಿಗೆ ಹೇಳಿದ್ದೇನೆ. ಯಾರೂ ಇಲ್ಲದಾಗ ಗೋಡೆಯ ಬಳಿ ಟೇಪು ಹಿಡಿದು ನೋಡಿದೆ: ನಾಲ್ಕೂಕಾಲು. ಕೂಗಲಿಲ್ಲ, ಎಲ್ಲೂ ಬರೆಯಲೂ ಇಲ್ಲ.

ಲಿಂಗರಾಜಪುರದಲ್ಲಿ ಆವತ್ತು ಹೆದರಿದ್ದು ಯಾವುದೂ ನಡೆಯಲಿಲ್ಲ. ಯಾರನ್ನೂ ಜೇಡ ಕಚ್ಚಲಿಲ್ಲ, ಗುಳ್ಳೆ ಏಳಲಿಲ್ಲ. ಚಾಚಾ ಅಂಗಡಿಯೂ ಖಾಲಿಯಾಗಲಿಲ್ಲ. ಓನರು ಅಗ್ರಿಮೆಂಟಿಗೆ ಮತ್ತೆ ಸಹಿ ಹಾಕಿದರು. ಜಗಳವೂ ಆಗಲಿಲ್ಲ. ಹಬ್ಬ ಕಳೆದು ನಾನು ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋದಾಗ ಚಾಚಾ ಎದ್ದು ನಿಂತರು. ಮಡಚಿಟ್ಟ ಬ್ಲೌಸನ್ನು ಎರಡೂ ಕೈಯಲ್ಲಿ ಚಾಚಿದರು. ಹೊಲಿಗೆ ಎಂದಿನಂತೆ ಅಚ್ಚುಕಟ್ಟು.

“ತಗೊಳ್ಳಿ ಮೇಡಂ,” ಅಂದರು. “ಅಳತೆ ಸರಿ ಇದ್ಯಾ ನೋಡ್ಕೊಳ್ಳಿ.”