ಬಸ್ ಪಾಸ್ ಕೇಳುವ ದೆವ್ವ

ನನ್ನದು ಹುಟ್ಟಿನಿಂದ ಬಂದ ಅನುಮಾನದ ಬುದ್ಧಿ. ತರಕಾರಿ ಗಾಡಿಯವರ ತಕ್ಕಡಿಯನ್ನೂ ಬಗ್ಗಿ ನೋಡುವವಳು. ಆ ಬುದ್ಧಿಯಿಂದ ಒಬ್ಬ ಗೆಳತಿಯನ್ನು ಕಳೆದುಕೊಂಡೆ.

ಕಾಲೇಜಿನ ಕೊನೆಯ ವರ್ಷ ಇಬ್ಬಿಬ್ಬರು ಸೇರಿ ಹತ್ತು ನಿಮಿಷದ ಸಿನಿಮಾ ಮಾಡಬೇಕಿತ್ತು. ಹಾರರ್, ಕಾಮಿಡಿ, ಸಸ್ಪೆನ್ಸ್, ಲವ್, ಯಾವುದಾದರೂ ಸರಿ. ಆದರೆ ಒಂದು ತಂಡ ಆರಿಸಿಕೊಂಡದ್ದನ್ನು ಇನ್ನೊಂದು ಮುಟ್ಟುವಂತಿಲ್ಲ, ಮೊದಲು ಕಥೆ ಕೊಟ್ಟವರಿಗೆ ಮೊದಲು ಎಂದರು ಮೇಷ್ಟ್ರು. ನನ್ನ ಜೋಡಿ ವಿಜಯನಗರದ ಪಿಜಿಯಲ್ಲಿದ್ದ ಗದಗಿನ ಹುಡುಗಿ. ನಾವು ಹಾರರ್ ಎಂದು ನಿರ್ಧರಿಸಿದೆವು. ಮಲ್ಲತ್ತಹಳ್ಳಿ ಕೆರೆ ದಂಡೆಯಲ್ಲಿ ಬಸ್ ಪಾಸ್ ಕಳೆದುಕೊಂಡ ದೆವ್ವ, ಹೋಗಿ ಬರುವವರನ್ನೆಲ್ಲ ಅದು ಸಿಕ್ಕಿತಾ ಎಂದು ಕೇಳುವ ಕಥೆ. ದೆವ್ವ ಅವಳೇ. ಪಿಜಿ ಆಂಟಿಯ ಬಿಳಿ ಸೀರೆ ಕೇಳಿ ತಂದು, ತಲೆಗೆ ಎಣ್ಣೆ ಹಾಕುವುದನ್ನೂ ಬಿಟ್ಟಿದ್ದಳು.

ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಕಥೆ ಟೈಪ್ ಮಾಡಿಸಿದೆವು. ತಪ್ಪುಗಳಿವೆ ಎಂದು ನಾನು ಮೂರು ಸಲ ಪ್ರೂಫ್ ತೆಗೆಸಿದೆ. ಕೊನೆಗೆ ಕೊಡಲು ಹೋದರೆ ಹಾರರ್ ಬೇರೆ ತಂಡದ ಪಾಲಾಗಿತ್ತು. ಮೇಷ್ಟ್ರು ಅವರ ಹಾಳೆ ತೋರಿಸಿದರು. ಅವರ ದೆವ್ವವೂ ಬಸ್ ಪಾಸ್ ಹುಡುಕುತ್ತಿತ್ತು!

ಕಥೆ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನಾನಂತೂ ಹೇಳಿರಲಿಲ್ಲ.

"ಯಾರೋ ನಮ್ ಕಥೆ ಅವರಿಗೆ ಹೇಳ್ಬಿಟ್ಟಿದಾರೆ ಕಣೇ" ಎಂದೆ, ಅವಳ ಮುಖವನ್ನೇ ನೋಡುತ್ತಾ. ಅವಳು ಹೆಗಲ ಮೇಲಿನ ವೇಲ್ ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇನ್ನೇನು ಸಾಕ್ಷಿ ಬೇಕು? ಆಮೇಲೆ ಅವಳು ಆ ತಂಡದವರಿಗೆ ಪೆನ್ನು ಕೊಟ್ಟರೂ ಸಂಶಯ, ಕೊಡದಿದ್ದರೆ ಇನ್ನೂ ಸಂಶಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ನಮಗೆ ಉಳಿದದ್ದು ಕಾಮಿಡಿ. ಹೊಸ ಕಥೆಯನ್ನು ನಾನೊಬ್ಬಳೇ ಬರೆದೆ. ಅವಳು ಹತ್ತಿರ ಬಂದರೆ ಹಾಳೆ ಮಗುಚಿಡುತ್ತಿದ್ದೆ. ಮುಖ್ಯ ಪಾತ್ರಕ್ಕೆ ಬಸವೇಶ್ವರನಗರದಿಂದ ನನ್ನ ಅತ್ತೆಯ ಮಗಳನ್ನು ಕರೆತಂದೆ.

"ನಾ ಏನ ಮಾಡ್ಲಿ?" ಎಂದಳು ಗೆಳತಿ.

"ಕ್ಲಾಪ್ ಹಿಡ್ಕೋ" ಎಂದೆ.

ಶೂಟಿಂಗ್ ಮುಗಿದ ಮೇಲೆ, ಸಿನಿಮಾದ ಜೊತೆ ಕೊಡಬೇಕಾದ ಸ್ಕ್ರಿಪ್ಟ್ ಟೈಪ್ ಮಾಡಿಸಲು ಅದೇ ಅಂಗಡಿಗೆ ಹೋದೆ. ಪ್ರೂಫ್ ಹಾಳೆಯ ಹಿಂಬದಿಯಲ್ಲಿ ಯಾರದೋ ಗೃಹಪ್ರವೇಶದ ಆಮಂತ್ರಣವಿತ್ತು. ಇದೇನು ಎಂದು ಕೇಳಿದೆ.

"ಒಂದ್ಕಡೆ ಖಾಲಿ ಇರೋ ಹಾಳೆ ಎಸೆಯಲ್ಲ ಮೇಡಂ, ಪ್ರೂಫ್‌ಗೆ ಹಾಕ್ತೀನಿ" ಎಂದ ಅಂಗಡಿಯವನು. "ನಿಮ್ ದೆವ್ವದ ಕಥೆ ಹಾಳೆಗಳೂ ಹಂಗೇ ಬೇರೆಯವ್ರ ಪ್ರೂಫ್‌ಗೆ ಹೋದ್ವು. ನಿಮ್ ಕಾಲೇಜ್ ಹುಡುಗ್ರು ಪ್ರೂಫ್ ತಗೊಂಡು, ಹಿಂದ್ಗಡೆ ಇರೋದ್ನೇ ಓದ್ಕೊಂಡು ನಿಂತಿದ್ರು."

ತಪ್ಪಾದ ಪ್ರೂಫ್‌ಗಳನ್ನೆಲ್ಲ ಅಲ್ಲೇ ಬಿಟ್ಟು ಬಂದವಳು ನಾನು. ನೇರ ಅವಳ ಪಿಜಿಗೆ ಹೋಗಿ, ನಡೆದದ್ದನ್ನು ಹೇಳಿ, ತಪ್ಪಾಯಿತು ಎಂದೆ.

"ನಿನಗ ನನ್ನ ಮ್ಯಾಲೆ ಸಂಶೆ ಐತಿ ಅಂತ ಗೊತ್ತಿತ್ತು. ಒಂದ್ಸಲ ಕೇಳಿದ್ರ ಹೇಳ್ತಿದ್ದೆ" ಎಂದಳು. ಜಗಳವಾಡಲಿಲ್ಲ. ಮಂಚದ ಮೇಲೆ ಆಂಟಿಯ ಬಿಳಿ ಸೀರೆ ಇಸ್ತ್ರಿಯಾಗಿ, ವಾಪಸ್ ಹೋಗಲು ಮಡಿಸಿಟ್ಟಿತ್ತು.

ಎಡಿಟಿಂಗ್‌ಗೆ ಕೂತಾಗ ಪ್ರತಿ ಶಾಟಿನ ಮೊದಲಿಗೂ ಕ್ಲಾಪ್ ಬೋರ್ಡ್ ಹಿಡಿದ ಅವಳ ಮುಖ ಬರುತ್ತಿತ್ತು. ಕ್ಲಾಪ್ ಇರುವ ಭಾಗವನ್ನು ಸಿನಿಮಾದಲ್ಲಿ ಉಳಿಸಿಕೊಳ್ಳುವಂತಿರಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಕತ್ತರಿಸಿದೆ. ಸಿನಿಮಾ ನೋಡಿ ತರಗತಿಯವರೆಲ್ಲ ನಕ್ಕರು. ಅದರಲ್ಲಿ ಅವಳು ಎಲ್ಲೂ ಇಲ್ಲ.