ಹಾಡುಗಳ ನಡುವಿನ ಮಾತು

ಓರ್ಲೀನಾ ಸ್ಟಿಡಮ್ ವರ್ಷಗಟ್ಟಲೆ ಕೂಡಿಟ್ಟ ಹಾಡಿನ ಪ್ಲೇಟುಗಳಲ್ಲಿ ಒಂದನ್ನೂ ಆಕೆ ಕೇಳಿರಲಿಲ್ಲ. ಕೇಳುವಂತೆಯೂ ಇರಲಿಲ್ಲ. ಅವು ರೇಡಿಯೋ ಕೇಂದ್ರಗಳಿಗಾಗಿಯೇ ಮಾಡಿದ ಮೊರದಗಲದ ಪ್ಲೇಟುಗಳು. ಮನೆಯ ಗ್ರಾಮಫೋನಿನ ಮೇಲಿಟ್ಟರೆ ಅಂಚು ಹೊರಗೆ ಚಾಚಿ ಮುಳ್ಳಿನ ಕೈಗೆ ತಗಲುತ್ತಿತ್ತು. ಸೈನ್ಯಕ್ಕೆ ಹುಡುಗರನ್ನು ಸೇರಿಸುವ ಇಲಾಖೆಯವರು ಕೊರಿಯಾ ಯುದ್ಧದ ಕಾಲದಲ್ಲಿ ಇವನ್ನು ಊರೂರಿನ ಕೇಂದ್ರಗಳಿಗೆ ಪುಕ್ಕಟೆ ಕಳಿಸುತ್ತಿದ್ದರು. ಎರಡು ಹಾಡು, ಸೈನ್ಯಕ್ಕೆ ಬಾ ಎನ್ನುವ ಒಂದು ಮಾತು, ಮತ್ತೆರಡು ಹಾಡು. ಪ್ರಸಾರವಾದ ಮೇಲೆ ನಾಶಪಡಿಸಿ ಎಂದು ಪ್ರತಿ ಪ್ಲೇಟಿನ ಮೇಲೂ ಅಚ್ಚಾಗಿತ್ತು. ನಾಶಪಡಿಸಲು ಸೋಮಾರಿತನ ಮಾಡಿದವರ ಅಟ್ಟ, ಶೆಡ್ಡುಗಳಿಂದ ಓರ್ಲೀನಾ ಅವನ್ನು ಒಂದೊಂದಾಗಿ ಮನೆಗೆ ತಂದು ಮಂಚದ ಕೆಳಗೆ ಜೋಡಿಸಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಜೊತೆಗಿದ್ದ ಹೆಂಗಸರು, "ಹಾಡಿನ ಹುಚ್ಚು ಕಣೇ ನಿಂಗೆ" ಎಂದು ನಗುತ್ತಿದ್ದರು. ಆಕೆಗೆ ಬೇಕಿದ್ದದ್ದು ಹಾಡಲ್ಲ.

ಅವಳು ಚಿಕ್ಕವಳಿದ್ದಾಗ ಪ್ರತಿ ಶನಿವಾರ ಸಂಜೆ, ಕೆಂಟಕಿಯ ಆ ಕಲ್ಲಿದ್ದಲು ಕಣಿವೆಯಲ್ಲಿ ಮನೆಮನೆಯ ರೇಡಿಯೋದಲ್ಲೂ ಈ ಕಾರ್ಯಕ್ರಮ ಬರುತ್ತಿತ್ತು. ನಡುವಿನಣ್ಣ ಡೆನ್ವರ್ ಹಾಡು ಬರುವಾಗ ಬೂಟಿನ ಮಣ್ಣು ಕೆರೆಯುತ್ತ ಕೂತಿರುತ್ತಿದ್ದ. ಮಾತು ಶುರುವಾದರೆ ಎದ್ದು ಬಂದು ರೇಡಿಯೋಗೆ ಕಿವಿ ಕೊಡುತ್ತಿದ್ದ. ಹಾಗೊಂದು ಶನಿವಾರ, ಕ್ಯಾಲವೇ ಸೋದರಿಯರು ಹಾಡಿದ ದಿನ, ಮಾತು ಮುಗಿದ ಕೂಡಲೇ ಎದ್ದು ಅಪ್ಪನ ಹತ್ತಿರ ಹೋದ. ಜಗಳವಾಯಿತು. ಗಣಿಯಿಂದ ಆಗಷ್ಟೇ ಬಂದಿದ್ದ ಅಪ್ಪ ಅವನ ಕೆನ್ನೆಗೆ ಬಾರಿಸಿದ. ಸೋಮವಾರ ಡೆನ್ವರ್ ಮನೆಯಲ್ಲಿರಲಿಲ್ಲ. ಮುಂದಿನ ಚಳಿಗಾಲಕ್ಕೆ ಕೊರಿಯಾದಿಂದ ಅವನ ಶವಪೆಟ್ಟಿಗೆ ಬಂತು.

ಹಿರಿಯಣ್ಣ ಆರ್ಲಿಸ್ ಅಂದಿನಿಂದ ಅಪ್ಪನೊಡನೆ ಮಾತು ಬಿಟ್ಟ. ಎದೆಯಲ್ಲಿ ಗಣಿಯ ಧೂಳು ತುಂಬಿ ಅಪ್ಪ ಉಸಿರಿಗಾಗಿ ಒದ್ದಾಡುವಾಗಲೂ ಮಂಚದ ಬಳಿ ಸುಳಿಯಲಿಲ್ಲ. ಪ್ರತಿ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಗುಡ್ಡದ ಮೇಲಿನ ಗೋರಿಗಳಿಗೆ ಹೂವಿಡಲು ಮನೆತನವೆಲ್ಲ ಸೇರಿದಾಗ ಆರ್ಲಿಸ್ ಅಜ್ಜನಿಂದ ಹಿಡಿದು ಹಸುಗೂಸಿನವರೆಗೆ ಎಲ್ಲರಿಗೂ ಹೂವಿಟ್ಟು, ಅಪ್ಪನ ಗೋರಿಯನ್ನು ಮಾತ್ರ ದಾಟಿ ಹೋಗುತ್ತಿದ್ದ. "ಮಗನ್ನ ಹೊಡೆದು ಸಾಯಕ್ಕೆ ಕಳಿಸಿದೋನಿಗೆ ಹೂವು ಬೇರೆ ಕೇಡು" ಎನ್ನುತ್ತಿದ್ದ. "ರೇಡಿಯೋದಲ್ಲಿ ಬಂದ ಮಾತು ಕೇಳಿ ಹೋದ ಕಣೋ ಅಣ್ಣ" ಎಂದು ಓರ್ಲೀನಾ ಎಷ್ಟು ಹೇಳಿದರೂ, "ನೀನು ಆಗ ಕೂಸು, ನಿಂಗೇನು ನೆನಪಿರತ್ತೆ?" ಎಂದುಬಿಡುತ್ತಿದ್ದ.

ಆ ಪ್ಲೇಟು ಕೊನೆಗೂ ಸಿಕ್ಕಿತು. ಮುಚ್ಚಿಹೋದ ಕೇಂದ್ರದ ಶೆಡ್ಡೊಂದರಲ್ಲಿ, ಕ್ಯಾಲವೇ ಸೋದರಿಯರ ಹೆಸರಿದ್ದ ಒಂದೇ ಒಂದು ಪ್ಲೇಟು. ಅದನ್ನು ನುಡಿಸುವ ಯಂತ್ರ ಇದ್ದದ್ದು ಟೆನೆಸ್ಸಿಯ ಹಾಯ್ಟ್ ಪ್ರೆಸ್ನೆಲ್ ಬಳಿ. ಹಳೆಯ ಪ್ಲೇಟುಗಳನ್ನು ಕ್ಯಾಸೆಟ್ಟಿಗಿಳಿಸಿ ಮಾರುತ್ತಿದ್ದ ಅವನಿಗೂ ಅದೇ ಬೇಕಾಗಿತ್ತು. ಓರ್ಲೀನಾ ಡೆನ್ವರ್‌ನ ಕಥೆ ಹೇಳಿ ಒಂದೇ ಷರತ್ತು ಹಾಕಿದಳು: ಮೊದಲಿಂದ ಕೊನೆಯವರೆಗೆ, ಮಾತೂ ಸೇರಿ, ಇದ್ದದ್ದು ಇದ್ದ ಹಾಗೆ. ಹಾಯ್ಟ್ ಕೈಕುಲುಕಿ ಒಪ್ಪಿ ಪ್ಲೇಟು ಒಯ್ದಿದ್ದ.

ಕ್ಯಾಸೆಟ್ಟು ಆ ವರ್ಷದ ಹೂವಿನ ಭಾನುವಾರಕ್ಕೆ ಸರಿಯಾಗಿ ಬಂತು. "ಈ ಸಲ ನಿನ್ನ ಕಿವಿಯಾರೆ ಕೇಳು" ಎಂದು ಆರ್ಲಿಸ್‌ನನ್ನು ಓರ್ಲೀನಾ ಮುಂಚೆಯೇ ಕೂರಿಸಿದ್ದಳು. ಕರಿದ ಕೋಳಿ, ಬೀನ್ಸ್, ಒಣಸೇಬಿನ ಪದರ ಕೇಕು ಹರಡಿದ್ದ ಉದ್ದ ಹಲಗೆಯ ಪಕ್ಕಕ್ಕೆ ಸೋದರಳಿಯನೊಬ್ಬ ಪಿಕಪ್ ಗಾಡಿ ತಂದು ನಿಲ್ಲಿಸಿ ಕ್ಯಾಸೆಟ್ಟು ಹಾಕಿದ. ಒಂದು ಹಾಡು ಮುಗಿಯಿತು. ಎರಡನೆಯದು ಮುಗಿಯಿತು. ಓರ್ಲೀನಾ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಉಸಿರು ಬಿಡುವಷ್ಟರಲ್ಲಿ ಮೂರನೆಯ ಹಾಡಿನ ಪಿಟೀಲು ಶುರುವಾಯಿತು.

"ಎಲ್ಲೇ ನಿನ್ನ ಮಾತು?" ಆರ್ಲಿಸ್ ಕೋಳಿಯ ಕಾಲು ಚೀಪುತ್ತ ಕೇಳಿದ. "ಚೆನ್ನಾಗಿ ಹಾಡ್ತಾರಪ್ಪ. ಇದಕ್ಕೆ ಹೆದರಿ ಓಡಿಹೋದನಾ ಡೆನ್ವರ್?"

ಸುತ್ತ ಕೂತವರು ನಕ್ಕರು. ಓರ್ಲೀನಾ ಗಾಡಿಯೊಳಕ್ಕೆ ಕೈ ಹಾಕಿ ಕ್ಯಾಸೆಟ್ಟು ಕಿತ್ತು ಅದರ ಡಬ್ಬಿ ನೋಡಿದಳು. ಹಿಂಬದಿಯಲ್ಲಿ ಅಚ್ಚಾಗಿತ್ತು: ಈ ಸಂಗೀತವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಡೆನ್ವರ್ ಸ್ಟಿಡಮ್‌ನ ನೆನಪಿಗೆ.

ಅವಳ ಕಿವಿ ಬಿಸಿಯಾಯಿತು. ಡೆನ್ವರ್‌ಗೆ ಆ ಸಂಗೀತ ಕಂಡರೆ ಆಗುತ್ತಿರಲಿಲ್ಲ. ಅವನ ಪ್ರಾಣ ತೆಗೆದ ಮಾತನ್ನು ಕತ್ತರಿಸಿ ಬಿಸಾಡಿ, ಮೀನಿನ ಗಾಳಕ್ಕೆ ಸಿಕ್ಕಿಸಿದ ಹುಳುವಿನಂಥ ಹಾಡಿಗೆ ಅವನ ಹೆಸರು ಅಂಟಿಸಿದ್ದರು.

ಮುಂದಿನ ಶನಿವಾರ ಪ್ಲೇಟು ಸಂಗ್ರಹಿಸುವವರ ಸಂತೆ. ಹೆದ್ದಾರಿ ಪಕ್ಕದ ಮೋಟೆಲೊಂದರಲ್ಲಿ ಎಲ್ಲರೂ ಕೋಣೆ ಹಿಡಿದು, ಬಾಗಿಲು ತೆರೆದಿಟ್ಟು, ಮಂಚದ ಮೇಲೆ ಪೆಟ್ಟಿಗೆ ಹರಡಿಕೊಂಡು ಕೂರುವುದು ವಾಡಿಕೆ. ಓರ್ಲೀನಾ ಆರ್ಲಿಸ್‌ನನ್ನು ಬಲವಂತವಾಗಿ ಕಾರಿಗೆ ಹತ್ತಿಸಿಕೊಂಡು ನೇರ ಹಾಯ್ಟ್‌ನ ಕೋಣೆಗೆ ನುಗ್ಗಿದಳು.

"ಮಿಸ್ ಓರ್ಲೀನಾ! ಬನ್ನಿ ಬನ್ನಿ. ಕ್ಯಾಸೆಟ್ಟು ಕೇಳಿದ್ರಾ?"

"ಕೇಳಿದೆ. ಮಾತೆಲ್ಲಿ?"

"ಅಯ್ಯೋ, ಅದಾ? ಅದನ್ನ ಯಾರು ಕೇಳ್ತಾರೆ ಹೇಳಿ. ನಮ್ಮೋರೆಲ್ಲ ಅದು ಬಂದ್ರೆ ಮುಳ್ಳೆತ್ತಿ ಮುಂದಿಡ್ತಾರೆ."

"ಕೈ ಕುಲುಕಿದ್ದೆ ನೀನು."

"ಕುಲುಕಿದ್ದೆ, ಇಲ್ಲ ಅನ್ನಲ್ಲ. ಇಲ್ಲಿ ನೋಡಿ ಒಂದ್ನಿಮಿಷ." ಹಾಯ್ಟ್ ಪ್ಲೇಟನ್ನು ಹೊರತೆಗೆದು ದೀಪಕ್ಕೆ ವಾಲಿಸಿದ. ಹಾಡುಗಳಿದ್ದ ಪಟ್ಟೆಗಳು ಸವೆದು ಬೂದಿಬಣ್ಣಕ್ಕೆ ತಿರುಗಿದ್ದವು. ನಡುವಿನ ಒಂದು ಪಟ್ಟೆ ಮಾತ್ರ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. "ಇದೇ ಮಾತು. ಕೇಂದ್ರದೋರೂ ಒಂದ್ಸಲ ಹಾಕಿ ಬಿಟ್ಟಿದಾರೆ, ಅಷ್ಟೇ."

"ಒಂದ್ಸಲ ಸಾಕಾಯ್ತಲ್ಲೋ ನಮ್ಮನೇಗೆ!" ಓರ್ಲೀನಾಳ ದನಿಗೆ ಪಕ್ಕದ ಕೋಣೆಗಳವರು ಬಾಗಿಲಿಗೆ ಬಂದರು. "ಹಾಡು ನಿಂಗೆ ಬೇಕಾದ್ರೆ ಮಾರ್ಕೊಳ್ಳೋ. ನಮ್ಮಣ್ಣನ ಹೆಸರು ಯಾಕೋ ಬೇಕಿತ್ತು? ಗಲ್ಲಿಗೆ ಹಾಕಿದ ಹಗ್ಗ ತೆಗೆದಿಟ್ಟು, ಕಂಬದ ಬಣ್ಣ ಎಷ್ಟು ಚೆಂದ ಅಂತ ತೋರಿಸ್ತೀಯಾ? ಹಾಕು ಅದನ್ನ. ಈಗ್ಲೇ ಹಾಕು!"

ಹಾಯ್ಟ್ ಎಲ್ಲರ ಮುಖ ನೋಡಿ, ಪ್ಲೇಟನ್ನು ಜೊತೆಗೆ ತಂದಿದ್ದ ಯಂತ್ರದ ಮೇಲಿಟ್ಟು ಹೊಳೆಯುವ ಪಟ್ಟೆಗೆ ಮುಳ್ಳಿಳಿಸಿದ. ಆರ್ಲಿಸ್ ಟೋಪಿ ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿಗೆ ಕೂತ.

ನಿನ್ನೆ ಮಾತಾಡಿದಷ್ಟು ಸ್ಪಷ್ಟವಾಗಿ, ಬೆಣ್ಣೆಯಂಥ ಗಂಡುದನಿ ಕೋಣೆ ತುಂಬಿತು. ಕೈಯಲ್ಲಿ ಕಸುಬಿಲ್ಲವೆಂಬ ಚಿಂತೆಯೇ ತಮ್ಮಾ? ರೇಡಿಯೋ ರಿಪೇರಿಯೋ, ಮೋಟಾರಿನ ಕೆಲಸವೋ, ಬೇಕಾದ್ದನ್ನು ಆರಿಸಿಕೊ, ಸೈನ್ಯ ಕಲಿಸುತ್ತದೆ. ಅಪ್ಪ ಅಗೆದ ಗುಂಡಿಗೇ ಮಗನೂ ಇಳಿಯಬೇಕೆಂದು ಎಲ್ಲಿ ಬರೆದಿದೆ? ಗಂಡಸಾದವನು ಸೋಮವಾರದವರೆಗೆ ಕಾಯುವುದಿಲ್ಲ, ಸೋಮವಾರವೇ ಅವನಿಗಾಗಿ ಕಾಯುತ್ತದೆ.

ಆರ್ಲಿಸ್‌ನ ಟೋಪಿ ನೆಲಕ್ಕೆ ಬಿತ್ತು.

"ಇದು ಡೆನ್ವರ್ ಮಾತು" ಎಂದ.

"ಏನಣ್ಣ?"

"ಅಪ್ಪ ಅಗೆದ ಗುಂಡೀಗೇ ಯಾಕಿಳೀಬೇಕು ಅಂತ ಅಪ್ಪನ ಎದುರು ನಿಂತು ಅಂದ್ನಲ್ಲ, ಅದಕ್ಕೇ ಅಪ್ಪ ಹೊಡೆದಿದ್ದು. ಹೊರಗಿಂದ ಆಗಷ್ಟೇ ಬಂದು ಬಾಗಿಲ ಹಿಂದೆ ನಿಂತಿದ್ದೆ ನಾನು. ಎಷ್ಟು ಚೆನ್ನಾಗಿ ಮಾತಾಡ್ದ ನನ್ ತಮ್ಮ ಅಂದ್ಕೊಂಡಿದ್ದೆ ಇಷ್ಟು ವರ್ಷ." ಅವನು ಯಂತ್ರದತ್ತ ಬೆರಳು ಚಾಚಿದ. "ಯಾರವನು?"

ಹಾಯ್ಟ್ ಪ್ಲೇಟಿನ ಜೊತೆ ಬಂದ ಕಾಗದದ ಚೀಲ ತಿರುಗಿಸಿ ನೋಡಿದ. ಹಾಡಿದವರು, ಪಿಟೀಲು ಕುಯ್ದವರು, ಗಿಟಾರು ಹಿಡಿದವರು, ಎಲ್ಲರ ಹೆಸರೂ ಇತ್ತು. "ಇವನದ್ದು ಬರೆದಿಲ್ಲ ಸರ್. ಯಾರೋ ಕೂಲಿಗೆ ಓದಿದೋನು ಇರ್ಬೇಕು."

"ಯಾರೋ!" ಆರ್ಲಿಸ್ ಎದ್ದು ನಿಂತ. ಮುದಿಕತ್ತಿನ ನರ ಉಬ್ಬಿತ್ತು. "ಹೆಸರಿಲ್ದೋನು ಮನೆಯೊಳಕ್ಕೆ ಬಂದು ನಮ್ಮ ಹುಡುಗನ್ನ ಎತ್ಕೊಂಡು ಹೋದ. ನಾನು ಹೆಸರಿದ್ದೋನ ಮೇಲೆ ಹಲ್ಲು ಕಡ್ಕೊಂಡು ಕೂತಿದ್ದೆ!"

"ಅಪ್ಪ ಹೊಡೀಬಾರದಿತ್ತು" ಎಂದಳು ಓರ್ಲೀನಾ. "ಆದ್ರೆ ನಿಂಗೂ ಹೊಡೀತಿದ್ನಲ್ಲಣ್ಣ, ನೀನೇನು ಹೋದ್ಯಾ?"

ಆರ್ಲಿಸ್ ಬಿದ್ದ ಟೋಪಿ ಎತ್ತಿಕೊಂಡು ಮತ್ತೆ ಕೂತ. ಓರ್ಲೀನಾ ಹಾಯ್ಟ್‌ನತ್ತ ತಿರುಗಿದಳು. "ಹೊಸ ಕ್ಯಾಸೆಟ್ಟು ತೆಗಿ. ನಾನಿಲ್ಲೇ ಕೂತಿರ್ತೀನಿ. ಮೊದಲಿಂದ ಕೊನೇವರೆಗೆ. ಆ ಡಬ್ಬಿಗಳ ಮೇಲಿಂದ ಡೆನ್ವರ್ ಹೆಸರು ಕಿತ್ತು ಹಾಕೋವರೆಗೆ ನನ್ನ ಮಂಚದ ಕೆಳಗಿಂದ ಒಂದು ಪ್ಲೇಟೂ ನಿಂಗೆ ಸಿಗಲ್ಲ."

ಹಾಯ್ಟ್ ಹೊಸ ಕ್ಯಾಸೆಟ್ಟು ಹಾಕಿ ಮುಳ್ಳನ್ನು ಪ್ಲೇಟಿನ ಆರಂಭಕ್ಕೆ ತಂದಿಟ್ಟ. ಎರಡು ಹಾಡು ಕಳೆದು ಬೆಣ್ಣೆಯ ದನಿ ಮತ್ತೆ ಶುರುವಾದಾಗ ಬಾಗಿಲ ಹೊರಗಿನಿಂದ ಯಾರೋ ಕೂಗಿದರು: "ಹಾಯ್ಟ್, ಹಾಡಿಗೆ ಹಾಕೋ ಮಾರಾಯಾ!"

"ಬಾಯ್ಮುಚ್ಚೋ!" ಆರ್ಲಿಸ್ ಗುಡುಗಿದ. "ಅವನು ಮಾತಾಡ್ತಿದಾನೆ, ಕೇಳು. ನೀನೂ ಒಳಗೆ ಬಂದು ಕೂತ್ಕೊಂಡು ಕೇಳು."